ಕೀಲುನೋವಿಗೆ ಕಾರ್ಟಿಸೋನ್ ಇಂಜೆಕ್ಷನ್: ಬೇಕಾ, ಬೇಡ್ವಾ?

ಪರ: ನೋವು ಇಳಿದರೆ ತಾನೇ ಕೀಲು ಆಡೋದು

ರಾತ್ರಿ ಮಗ್ಗುಲು ಬದಲಿಸಿದರೆ ಸಾಕು, ಜೀವ ಹೋದ ಹಾಗಾಗುತ್ತದೆ. ತಲೆ ಬಾಚಿಕೊಳ್ಳೋಣ ಅಂದರೆ ಕೈ ಮೇಲೇಳುವುದಿಲ್ಲ. ಅಂಗಿ ತೋಳಿಗೆ ಕೈ ತೂರಿಸಲು ಇನ್ನೊಬ್ಬರು ಬೇಕು. ಫ್ರೋಜನ್ ಶೋಲ್ಡರ್, ಅಂದರೆ ಭುಜದ ಕೀಲು ಬಿಗಿದುಕೊಂಡವರ ಪಾಡು ಇದು. ಇಂಥವರಿಗೆ 'ವ್ಯಾಯಾಮ ಮಾಡಿ, ಸರಿಹೋಗುತ್ತೆ' ಅಂತ ಹೇಳುವುದು ಸುಲಭ. ಮಾಡುವುದು ಹೇಗೆ? ಮೊದಲು ನೋವು ಇಳಿಯಬೇಕು ಅಲ್ವಾ? ಶುರುವಿನ ತಿಂಗಳುಗಳಲ್ಲೇ ಭುಜಕ್ಕೆ ಒಂದು ಇಂಜೆಕ್ಷನ್ ಬಿದ್ದರೆ ಎಷ್ಟೋ ಜನರಿಗೆ ನೋವು ಬೇಗ ತಗ್ಗುತ್ತದೆ. ಆಮೇಲೆ ಫಿಸಿಯೋಥೆರಪಿಗೂ ಕೈ ಬಗ್ಗುತ್ತದೆ.

ಇದು ಸುಮ್ನೆ ನೋವು ಮರೆಸುವ ಮದ್ದಲ್ಲ. ನಮ್ಮ ಕಿಡ್ನಿ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲೇ ಹುಟ್ಟುವ ಹಾರ್ಮೋನಿನ ಜಾತಿಗೆ ಸೇರಿದ ಔಷಧ. ಕೀಲಿನೊಳಗಿನ ಉರಿಯೂತವನ್ನೇ ಇಳಿಸುತ್ತದೆ. 1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಡಾ. ಫಿಲಿಪ್ ಹೆಂಚ್, ರುಮಟಾಯ್ಡ್ ಸಂಧಿವಾತದಿಂದ (ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ದಾಳಿ ಮಾಡುವ ಕಾಯಿಲೆ) ನರಳುತ್ತಿದ್ದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಕೊಟ್ಟರು. ಕೆಲವೇ ದಿನಗಳಲ್ಲಿ ಆಕೆ ಎದ್ದು ಓಡಾಡಿದರು. ಎರಡೇ ವರ್ಷಕ್ಕೆ ಈ ಕೆಲಸಕ್ಕೆ ನೊಬೆಲ್ ಬಂತು.

ಕಿಡ್ನಿ ತೊಂದರೆಯೋ ಹೊಟ್ಟೆಯ ಹುಣ್ಣೋ ಇರುವವರಿಗೆ ನೋವಿನ ಮಾತ್ರೆ ದಿನಾ ನುಂಗುವುದು ಅಪಾಯ. ಅಂಥವರಿಗೆ ಗೌಟ್ (ಯೂರಿಕ್ ಆಮ್ಲ ಕೀಲಿನಲ್ಲಿ ಹರಳುಗಟ್ಟುವ ಕಾಯಿಲೆ) ಬಂದು ಕಾಲಿನ ಹೆಬ್ಬೆರಳು ಕೆಂಪಗೆ ಊದಿಕೊಂಡಾಗ, ಆ ಒಂದೇ ಕೀಲಿಗೆ ಔಷಧ ತಲುಪಿಸುವ ದಾರಿ ಇದು. ಹಾಕಿದ ಮೊದಲ ಒಂದೆರಡು ದಿನ ನೋವು ಜಾಸ್ತಿ ಆಗಬಹುದು, ಮುಖ ಕೆಂಪೇರಬಹುದು. ಐಸ್ ಇಟ್ಟು, ಕೀಲಿಗೆ ಸ್ವಲ್ಪ ವಿಶ್ರಾಂತಿ ಕೊಟ್ಟರೆ ಸರಿಹೋಗುತ್ತದೆ. ಶುಚಿಯಾಗಿ ಚುಚ್ಚಿದರೆ ಕೀಲಿಗೆ ಸೋಂಕು ತಗಲುವುದು ಬಹಳ ಅಪರೂಪ. ಎರಡು ಇಂಜೆಕ್ಷನ್ ನಡುವೆ ಕನಿಷ್ಠ ಮೂರು ತಿಂಗಳ ಅಂತರ ಇಡುವ ವೈದ್ಯರ ಕೈಯಲ್ಲಿ ಇದಕ್ಕೆ ಹೆದರಬೇಕಾಗಿಲ್ಲ.

ವಿರೋಧ: ಆರಾಮ ಕೆಲವೇ ವಾರ, ಸವೆತ ಶಾಶ್ವತ

ಭುಜದ ಮಾತು, ಗೌಟ್ ಮಾತು ಒಪ್ಪೋಣ. ಆದರೆ ಹೆಚ್ಚಿನವರು ಈ ಇಂಜೆಕ್ಷನ್ ಕೇಳಿಕೊಂಡು ಹೋಗುವುದು ಸವೆದ ಮಂಡಿಗೆ. ಅಲ್ಲಿ ಸಿಗುವ ಆರಾಮ ಕೆಲವು ವಾರಗಳದ್ದು. ಆರು ತಿಂಗಳಿಗೆ ನೋಡಿದರೆ, ಹಾಕಿಸಿಕೊಂಡವರಿಗೂ ಹಾಕಿಸಿಕೊಳ್ಳದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರುವುದಿಲ್ಲ. ನೋವು ಮರಳುತ್ತದೆ, ಮತ್ತೊಂದು ಇಂಜೆಕ್ಷನ್. ನನ್ನ ತಕರಾರು ಇರುವುದು ಈ 'ಮತ್ತೊಂದ'ರ ಮೇಲೆ.

2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದನ್ನೇ ನೋಡಿ. ಮಂಡಿ ಸವೆದು ಊದಿಕೊಂಡಿದ್ದ 140 ಜನರನ್ನು ಎರಡು ಗುಂಪು ಮಾಡಿದರು. ಎರಡು ವರ್ಷ, ಮೂರು ಮೂರು ತಿಂಗಳಿಗೊಮ್ಮೆ, ಒಂದು ಗುಂಪಿಗೆ ಟ್ರಯಾಮ್ಸಿನೊಲೋನ್ (ಕಾರ್ಟಿಸೋನ್ ಜಾತಿಯದೇ ಸ್ಟೀರಾಯ್ಡ್ ಔಷಧ), ಇನ್ನೊಂದಕ್ಕೆ ಬರೀ ಸಲೈನ್ (ಉಪ್ಪುನೀರು). ಕೊನೆಗೆ ನೋವಿನಲ್ಲಿ ಎರಡು ಗುಂಪಿಗೂ ಅಂಥ ವ್ಯತ್ಯಾಸ ಇರಲಿಲ್ಲ. ಆದರೆ ಸ್ಟೀರಾಯ್ಡ್ ಪಡೆದವರ ಮಂಡಿಯ ಕಾರ್ಟಿಲೇಜ್ (ಮೂಳೆ ತುದಿಯ ಮೆತ್ತೆ) ಜಾಸ್ತಿ ತೆಳುವಾಗಿತ್ತು. ಗಮನಿಸಿ, ಅವರೂ ಮೂರು ತಿಂಗಳ ಅಂತರ ಇಟ್ಟವರೇ.

ಮೊಣಕೈ ಹೊರಬದಿಯ ಟೆನಿಸ್ ಎಲ್ಬೋ ನೋವಿಗೂ ಇದನ್ನೇ ಹಾಕಿಸಿಕೊಳ್ಳುತ್ತಾರೆ. 2013ರ ಆಸ್ಟ್ರೇಲಿಯಾದ ಅಧ್ಯಯನದಲ್ಲಿ ಇಂಜೆಕ್ಷನ್ ಪಡೆದವರು ನಾಲ್ಕು ವಾರಕ್ಕೆ ಮುಂದಿದ್ದರು, ವರ್ಷದ ಹೊತ್ತಿಗೆ ಹಿಂದೆ ಬಿದ್ದರು. ಶೇ. 54 ಮಂದಿಗೆ ನೋವು ಮರುಕಳಿಸಿತ್ತು; ಸಲೈನ್ ಪಡೆದವರಲ್ಲಿ ಬರೀ ಶೇ. 12. ಚುಚ್ಚಿದ ಜಾಗದಲ್ಲಿ ಚರ್ಮ ಬಿಳಿಚಿಕೊಂಡು, ಕೆಳಗಿನ ಕೊಬ್ಬು ಕರಗಿ ಗುಳಿ ಬೀಳುವುದೂ ಉಂಟು. ಹಿಮ್ಮಡಿಯ ಅಕಿಲಿಸ್ ಸ್ನಾಯುರಜ್ಜುವಿನ ಹತ್ತಿರ ಚುಚ್ಚಿದರೆ ಅದು ಹರಿಯುವ ಅಪಾಯವಿದೆ.

ಸಕ್ಕರೆ ಕಾಯಿಲೆ ಇರುವವರಿಗೆ ಈ ಮಾತು ಯಾರಾದರೂ ಹೇಳಲೇಬೇಕು: ಮಂಡಿಗೆ ಹಾಕಿದ ಔಷಧ ಮಂಡಿಯಲ್ಲೇ ಕೂತಿರುವುದಿಲ್ಲ. ರಕ್ತದ ಶುಗರ್ ಕೆಲವು ದಿನ ಏರಿಯೇ ಇರಬಹುದು, ಆಗ ದಿನಾ ನೋಡಿಕೊಳ್ಳಬೇಕು. ಮಂಡಿ ಬದಲಿಸುವ ಆಪರೇಷನ್ ಯೋಚನೆ ಇದ್ದವರು ಇಂಜೆಕ್ಷನ್ ಹಾಕಿಸಿಕೊಂಡ ಮೂರು ತಿಂಗಳೊಳಗೆ ಆಪರೇಷನ್ ಮಾಡಿಸಿಕೊಂಡರೆ ಸೋಂಕಿನ ಭಯ ಹೆಚ್ಚು.

ನೋವು ಇಳಿದರೆ ವ್ಯಾಯಾಮ ಮಾಡಬಹುದು ಅನ್ನುವುದು ಸರಿಯೇ. ಆದರೆ ನೋವು ಇಳಿದ ಕೂಡಲೇ ಹೆಚ್ಚಿನವರು ಬಿಡುವುದು ವ್ಯಾಯಾಮವನ್ನೇ. 2020ರ ಅಧ್ಯಯನವೊಂದರಲ್ಲಿ ಮಂಡಿ ಸವೆತದ 156 ಜನರಲ್ಲಿ ಕೆಲವರಿಗೆ ಇಂಜೆಕ್ಷನ್, ಕೆಲವರಿಗೆ ಫಿಸಿಯೋಥೆರಪಿ ಕೊಟ್ಟು ನೋಡಿದರು. ವರ್ಷ ಕಳೆದ ಮೇಲೆ ನೋವು ಕಡಿಮೆ ಇದ್ದದ್ದು, ಓಡಾಟ ಸಲೀಸಾಗಿದ್ದದ್ದು ಫಿಸಿಯೋಥೆರಪಿಯವರಿಗೆ.