ಕಣ್ಗಾವಲಿನ ನಾಟಕಕ್ಕೆ ಗುರುತು ಕೊಟ್ಟು ಬನ್ನಿ

ಪ್ರತಿ ಮನೆಯ ಗೋಡೆಗೂ ಸರ್ಕಾರವೇ ಕಿವಿ ಅಂಟಿಸಿರುವ ದೇಶವೊಂದರಲ್ಲಿ ಬದುಕುವ ಕುಟುಂಬದ ಕಥೆಯುಳ್ಳ ನಾಟಕವನ್ನು ನೋಡೋಣವೆಂದು ಟಿಕೆಟ್ ಕಾಯ್ದಿರಿಸಲು ಕುಳಿತರೆ, ಆ್ಯಪ್ ಮೊದಲು ನನ್ನ ಹೆಸರನ್ನೂ, ಆಮೇಲೆ ಮೊಬೈಲ್ ಸಂಖ್ಯೆಯನ್ನೂ, ಅದೂ ಸಾಲದೆಂದು ಹುಟ್ಟಿದ ದಿನಾಂಕವನ್ನೂ ಕೇಳಿತು. ಎಲ್ಲವನ್ನೂ ಒಪ್ಪಿಸಿದ ಮೇಲೆ, ಈಗ ನಾನು ಎಲ್ಲಿದ್ದೇನೆಂದು ತಿಳಿದುಕೊಳ್ಳಲು ಅನುಮತಿ ಬೇಡಿತು. ಮನೆಯಲ್ಲಿ ಚಾಪೆಯ ಮೇಲೆ ಕುಳಿತಿರುವವನ ನೆಲೆಯಿಂದ ರಂಗಭೂಮಿಗೆ ಏನು ಲಾಭವೋ ಹೊಳೆಯಲಿಲ್ಲ. ಆದರೂ ಒಪ್ಪಿದ್ದೇನೆ ಎಂಬಲ್ಲಿ ಒತ್ತಿದೆ. ನಾಟಕದ ಮೊದಲನೆಯ ಅಂಕ ಅದೇ ಆಗಿತ್ತೆಂಬುದು ಆಗ ತಿಳಿಯಲಿಲ್ಲ.

ರಂಗಮಂದಿರದ ಬಾಗಿಲಲ್ಲಿ 'ನಿಮ್ಮ ಸುರಕ್ಷತೆಗಾಗಿ ನಿಮ್ಮನ್ನು ಗಮನಿಸಲಾಗುತ್ತಿದೆ' ಎಂಬ ಫಲಕವಿತ್ತು. ರಂಗಸಜ್ಜಿಕೆಯನ್ನು ಬಾಗಿಲಿನಿಂದಲೇ ಆರಂಭಿಸಿದ್ದಾರಲ್ಲ ಎಂದು ನಿರ್ದೇಶಕರ ಕಲ್ಪನಾಶಕ್ತಿಯನ್ನು ಮನಸ್ಸಿನಲ್ಲೇ ಹೊಗಳಿದೆ. ಅದು ರಂಗಸಜ್ಜಿಕೆಯಲ್ಲ, ಕಟ್ಟಡದವರು ಹಾಕಿದ ಫಲಕ. ನಾಟಕದ ಫಲಕ ಒಳಗೆ ವೇದಿಕೆಯ ಮೇಲಿತ್ತು. ಅದರಲ್ಲಿಯೂ ಹೆಚ್ಚುಕಡಿಮೆ ಅದೇ ಮಾತಿತ್ತು, ಅಕ್ಷರಗಳು ಮಾತ್ರ ತುಸು ದುಂಡಗಿದ್ದವು.

ನಾಟಕದ ಬಗ್ಗೆ ದೂರಿಲ್ಲ. ಪಡಿತರ ನಿಂತುಹೋದೀತೆಂಬ ಭಯದಿಂದ ಆ ಮನೆಯವರು ಸತ್ತ ಅಜ್ಜಿಯನ್ನು ಕುರ್ಚಿಯಲ್ಲಿ ಕೂರಿಸಿ, ತಪಾಸಣೆಯವರು ಬಂದಾಗಲೆಲ್ಲ ಆಕೆಯ ಕೈಯನ್ನು ತಾವೇ ಎತ್ತಿ ನಮಸ್ಕಾರ ಮಾಡಿಸುತ್ತಾರೆ. ಮಗಳು ಶಾಲೆಯ ಮನೆಗೆಲಸವೆಂದು ತಂದೆತಾಯಿ ಆಡಿದ ಮಾತನ್ನೆಲ್ಲ ವರದಿಯಾಗಿ ಬರೆಯುತ್ತಾಳೆ. ಮಲಗುವ ಮುನ್ನ ಅಪ್ಪ ಆ ವರದಿಯ ಕಾಗುಣಿತವನ್ನು ತಿದ್ದಿಕೊಡುತ್ತಾನೆ. ಸಭೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿತು. ನನ್ನ ಪಕ್ಕದವರು ಆ ದೃಶ್ಯವನ್ನು ಮೊಬೈಲಿನಲ್ಲಿ ಚಿತ್ರೀಕರಿಸಿ, ತಾವು ಎಲ್ಲಿ, ಯಾರೊಡನೆ, ಎಷ್ಟು ಹೊತ್ತಿಗೆ ನಗುತ್ತಿದ್ದೇವೆಂಬುದನ್ನು ಅಲ್ಲಿಂದಲೇ ಜಗತ್ತಿಗೆ ವರದಿ ಮಾಡಿದರು. ಅವರ ಕಾಗುಣಿತವನ್ನು ಯಾರೂ ತಿದ್ದಲಿಲ್ಲ.

ಇಂಥ ಹೊತ್ತಿನಲ್ಲಿ ನನಗೆ ಇಂಗ್ಲೆಂಡಿನ ಲಾರ್ಡ್ ಚೇಂಬರ್ಲೇನ್ ನೆನಪಾಗುತ್ತಾನೆ. 1737ರ ಕಾಯಿದೆಯಿಂದ ಹಿಡಿದು 1968ರಲ್ಲಿ ಆ ಅಧಿಕಾರ ರದ್ದಾಗುವವರೆಗೆ, ಅರಮನೆಯ ಈ ಅಧಿಕಾರಿಯ ಕಚೇರಿಯೇ ಅಲ್ಲಿನ ನಾಟಕಗಳನ್ನು ಮೊದಲು ಓದಿ ಪರವಾನಗಿ ಕೊಡುತ್ತಿತ್ತು. ಸ್ಯಾಮ್ಯುಯೆಲ್ ಬೆಕೆಟ್‌ನ 'ಎಂಡ್‌ಗೇಮ್' ಕೂಡ ಒಂದು ಸಂಸಾರದ ಕಥೆಯೇ: ಎದ್ದು ನಿಲ್ಲಲಾಗದ ಕುರುಡ ಮಗ ನಡುವೆ ಕುಳಿತಿರುತ್ತಾನೆ, ಕಾಲಿಲ್ಲದ ಮುದಿ ತಂದೆತಾಯಿ ಎರಡು ಕಸದ ಡಬ್ಬಿಗಳಲ್ಲಿರುತ್ತಾರೆ, ಹೊರಗೆ ಲೋಕವೇ ಮುಗಿದಂತಿರುತ್ತದೆ. 1957ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಅದನ್ನು ಫ್ರೆಂಚ್ ಭಾಷೆಯಲ್ಲಿ ಆಡಿದಾಗ ಕಚೇರಿ ತಡೆಯಲಿಲ್ಲ. ಮರುವರ್ಷ ಅದೇ ನಾಟಕ ಇಂಗ್ಲಿಷಿನಲ್ಲಿ ಬಂದಾಗ, ಪ್ರಾರ್ಥನೆಯ ದೃಶ್ಯದಲ್ಲಿ ದೇವರಿಗೆ ಬೈದ ಒಂದು ಪದಕ್ಕಾಗಿ ತಿಂಗಳುಗಟ್ಟಲೆ ಜಗ್ಗಾಟ ನಡೆಯಿತು. ಕೊನೆಗೆ ಆ ಬೈಗುಳದ ಜಾಗದಲ್ಲಿ 'ಹಂದಿ' ಎಂಬರ್ಥದ ಪದವನ್ನಿಟ್ಟು ರಾಜಿಯಾಯಿತು. ದೇವರಿಗೆ ಫ್ರೆಂಚ್ ಬರುವುದಿಲ್ಲವೆಂದೂ, ಬಂದರೂ ಹಂದಿ ಎನ್ನಿಸಿಕೊಳ್ಳಲು ಅವನ ಅಭ್ಯಂತರವಿಲ್ಲವೆಂದೂ ಆ ಕಚೇರಿಗೆ ಹೇಗೋ ಖಚಿತವಾಗಿತ್ತು. ತಂದೆತಾಯಿ ಮಾತ್ರ ಕಸದ ಡಬ್ಬಿಯಲ್ಲೇ ಉಳಿದರು.

ಆದರೂ ಆ ಪುಣ್ಯಾತ್ಮರ ಬಗ್ಗೆ ನನಗೀಗ ಗೌರವ ಹುಟ್ಟಿದೆ. ಅವರು ಕತ್ತರಿ ಹಾಕಲೆಂದಾದರೂ ನಾಟಕವನ್ನು ಸಾಲುಸಾಲಾಗಿ ಓದುತ್ತಿದ್ದರು. ನನ್ನ ಆ್ಯಪಿಗೆ ನಾಟಕದಲ್ಲಿ ಏನಿದೆಯೆಂಬುದೇ ಬೇಕಿಲ್ಲ, ಅದು ನನ್ನನ್ನು ಓದಿಕೊಂಡು ತೃಪ್ತಿಯಿಂದಿದೆ.

ಮಧ್ಯಂತರದಲ್ಲಿ ಹಿರಿಯರೊಬ್ಬರು, ಮಗಳು ವರದಿ ಬರೆಯುವುದು ಅತಿರೇಕವಾಯಿತು, ಮನೆಯೊಳಗಿನವರು ಹಾಗೆಲ್ಲ ಮಾಡುವುದಿಲ್ಲ ಎಂದರು. ಪೂರ್ವ ಜರ್ಮನಿಯ ಗುಪ್ತಚರ ಸಂಸ್ಥೆಯಾದ ಸ್ಟಾಸಿಯಲ್ಲಿ 1989ರ ವೇಳೆಗೆ ಸುಮಾರು 91,000 ಪೂರ್ಣಾವಧಿ ನೌಕರರಿದ್ದರು. ಅವರು ಸಾಲದೆ, ನೆರೆಯವರಂತೆ, ಸಹೋದ್ಯೋಗಿಗಳಂತೆ, ಗೆಳೆಯರಂತೆ ಬದುಕುತ್ತ ಸುದ್ದಿ ಮುಟ್ಟಿಸುವ ಸುಮಾರು 1,89,000 ಮಂದಿ ಬೇರೆ ಇದ್ದರು. 1992ರಲ್ಲಿ ಕಡತಗಳನ್ನು ಜನರಿಗೆ ತೆರೆದಾಗ, ವರ್ಷಗಳ ಕಾಲ ತನ್ನ ಮೇಲೆ ವರದಿ ಕೊಟ್ಟವನು ತನ್ನ ಗಂಡನೇ ಎಂದು ಓದಿ ತಿಳಿದುಕೊಂಡ ಹೆಂಗಸಿದ್ದಾಳೆ. ಯಾವ ನಾಟಕಕಾರನಾದರೂ ಇದನ್ನು ಬರೆದಿದ್ದರೆ, ಪ್ರೇಕ್ಷಕರು ನಂಬುವುದಿಲ್ಲವೆಂದು ನಿರ್ದೇಶಕರೇ ಹೊಡೆದುಹಾಕುತ್ತಿದ್ದರು. ನನಗೆ ಆ ಹಿರಿಯರೊಡನೆ ವಾದಿಸುವ ಮನಸ್ಸಾಗಲಿಲ್ಲ. ಅತಿರೇಕ, ಅತಿರೇಕ ಎನ್ನುತ್ತಲೇ ಒಂದೊಂದನ್ನೂ ಮನೆಯೊಳಗೆ ಬಿಟ್ಟುಕೊಂಡು, ಅದಕ್ಕೆ ಕುರ್ಚಿ ಹಾಕಿ ಕೂರಿಸಿ, ಆಮೇಲೆ ಅದರ ಬಗ್ಗೆ ನಾಟಕ ಬಂದರೆ ಟಿಕೆಟ್ ಕೊಂಡು ನಗುವ ನಮ್ಮನ್ನು ಕಂಡು ಸಾಕಾಗಿಹೋಗಿದೆ.

ಪರದೆ ಬೀಳುವಷ್ಟರಲ್ಲಿ ಮೊಬೈಲಿಗೆ ಸಂದೇಶ ಬಂತು. ಈ ಕುಟುಂಬದ ಯಾತನೆಗೆ ಐದರಲ್ಲಿ ಎಷ್ಟು ನಕ್ಷತ್ರ ಕೊಡುತ್ತೀರಿ ಎಂದು ಕೇಳಿದ್ದರು. ಮನೆಯ ಇತರ ಸದಸ್ಯರ ಸಂಖ್ಯೆಗಳನ್ನು ತುಂಬಿದರೆ ಮುಂದಿನ ಟಿಕೆಟಿಗೆ ರಿಯಾಯಿತಿಯೂ ಉಂಟಂತೆ. ಮನೆಗೆ ಬಂದವನು, ನಿನ್ನ ಸಂಖ್ಯೆಯನ್ನು ಕೊಡಲೇ ಎಂದು ಹೆಂಡತಿಯನ್ನು ಕೇಳಿದೆ.

"ಬೇಡ ಬಿಡಿ," ಎಂದಳು. "ನಿಮ್ಮದನ್ನು ನಾನು ಹೋದ ತಿಂಗಳೇ ಕೊಟ್ಟಾಗಿದೆ."