ಲಕ್ಷ್ಮಿ, ಚದರಡಿ ಲೆಕ್ಕದಾಗ

"ಒರಿಜಿನಲ್ ಮೈಸೂರು ಪೇಂಟಿಂಗ್ ರೀ, ಕೈಲೇ ಮಾಡಿದ್ದು!" ಮೊನ್ನೆ ಹುಬ್ಬಳ್ಳಿ ದುರ್ಗದಬೈಲಿನ ಕಡೆ ಹಿಂಗಂತ ಹೇಳಿ ಕೊಟ್ಟ ಗಜಲಕ್ಷ್ಮಿಯ ಗಲ್ಲ ಹತ್ರದಿಂದ ನೋಡಿದ್ರ, ಸಾಲಾಗಿ ಪ್ರಿಂಟರಿನ ಚುಕ್ಕಿ. ಕೈಲೇ ಮಾಡಿದ್ದು ಅಂದ್ರ ಕೈಲೇ ಬಟನ್ ಒತ್ತಿದ್ದೇನ್ರೀ?

ಮೈಸೂರು ಶೈಲಿ ಅಂದ್ರ ಹುಣಸಿ ಕಡ್ಡಿ ಇದ್ದಿಲಿನ ಗೆರಿ. ಸಫೇದ ಅನ್ನೋ ಬಿಳಿ ಪುಡಿ, ಮಕ್ಕಿ ಅನ್ನೋ ಹಳದಿ ಮರದ ಅಂಟು, ಗೋಂದು ಕೂಡಿಸಿ ಅರದು, ಸಣ್ಣ ಕುಂಚದಲೇ ತೆಳ್ಳಗ ಪದರ ಪದರ ಏರಿಸಿದ ಗೆಸ್ಸೋ, ಅಂದ್ರ ಉಬ್ಬು ಕೆಲಸದ ಲೇಪ. ಆಮ್ಯಾಲೆ ಚಿನ್ನದ ರೇಕು ಅಂಟಿಸಿ, ಹಾಳಿ ಮುಚ್ಚಿ, ನುಣ್ಣನ ಕಲ್ಲಿಲೇ ತಿಕ್ಕೋದು. ಗೋಂದು ಕಡಿಮಿ ಆದ್ರ ಉದುರತೈತಿ, ಪದರ ದಪ್ಪ ಆದ್ರ ಬಿರಕು ಬಿಡತೈತಿ. ಇಲ್ಲಿ? ಕೇಕ್ ಮ್ಯಾಲೆ ಕ್ರೀಮ್ ಹಿಂಡಿದಂಗ ಟ್ಯೂಬಿನ ಗ್ಲಿಟರ್! "ಗೋಲ್ಡ್ ಫಾಯಿಲ್" ಅಂದ್ರ ತಾಮ್ರ-ಸತುವಿನ ಹಾಳಿ. ವಾರ್ನಿಶ್ ತಪ್ಪಿದಲ್ಲಿ ಮಳಿಗಾಲದ ಥಂಡಿಗೆ ಕಿರೀಟ ಕಪ್ಪು. ಕೇಳಿದ್ರ "ದೀಪದ ಹೊಗಿ ರೀ". ಅಂದ್ರ ತಪ್ಪು ಭಕ್ತರದ್ದು!

ರೇಟಿನ ಮಾತೆತ್ತಿದ್ರ "ದೇವರ ವಿಷಯದಾಗ ಚೌಕಾಶಿ ಮಾಡಬಾರ್ದು" ಅಂತ ಉಪದೇಶ. ಬಿಲ್ ಬರಿಯೋ ಮುಂದ ಅದೇ ದೇವರು ಟೈಲ್ಸಿನಂಗ ಚದರಡಿ ಲೆಕ್ಕ. ಫ್ರೇಮ್ ಬ್ಯಾರೆ, ಜಿಎಸ್‌ಟಿ ಬ್ಯಾರೆ. (ಆಶೀರ್ವಾದ ಅಷ್ಟೇ ಫ್ರೀ.)

ಸಂಪ್ರದಾಯದಾಗ ಕಣ್ಣು ತೆರೆಸೋದು ಕಟ್ಟಕಡೀಗೆ. ಪ್ರಿಂಟರಿಗೆ ಇದನ್ನ ಯಾರು ಹೇಳ್ಬೇಕು? ಕಿರೀಟ, ಕಣ್ಣು, ಕಮಲ ಅಂತ ಮ್ಯಾಲಿಂದ ಉಗುಳಕೋತ ಬರತೈತಿ. ಇಂಕ್ ಮುಗೀತೋ, ಕಾರ್ಟ್ರಿಜ್ ಬರೋತನಕ ಲಕ್ಷ್ಮಿ ಸೊಂಟದ ಮಟ ಹುಟ್ಟಿ ಕಾಯ್ಕೋತ ಕೂಡಬೇಕು.