ಸತ್ಯಾಂಶ: ವ್ಯಾಯಾಮ ರೂಢಿಯಾಗಲು 21 ದಿನ ಸಾಕೇ?

21 ದಿನ ಬಿಡದೆ ಮಾಡಿದರೆ ವ್ಯಾಯಾಮ ರೂಢಿಯಾಗುತ್ತದೆ, ಒಂದು ದಿನ ತಪ್ಪಿದರೂ ಎಣಿಕೆ ಮೊದಲಿನಿಂದ ಎಂಬ ಸಂದೇಶ ಬೆಳಗಾವಿಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪುಗಳಿಗೂ ಆಗಾಗ ಬರುತ್ತದೆ. ಇದು ಸರಿಯಲ್ಲ. 1960ರಲ್ಲಿ ಅಮೆರಿಕದ ಶಸ್ತ್ರವೈದ್ಯರೊಬ್ಬರು, ಬದಲಾದ ಮುಖಕ್ಕೆ ಹೊಂದಿಕೊಳ್ಳಲು ರೋಗಿಗಳಿಗೆ ಕನಿಷ್ಠ 21 ದಿನ ಬೇಕೆಂದು ಬರೆದಿದ್ದರು. ಬಾಯಿಂದ ಬಾಯಿಗೆ ಸಾಗುವಾಗ ‘ಕನಿಷ್ಠ’ ಎಂಬ ಪದವೇ ಬಿಟ್ಟುಹೋಯಿತು. ಮುಂದೆ ಲಂಡನ್ನಿನಲ್ಲಿ 96 ಜನರನ್ನು ಗಮನಿಸಿದ ಅಧ್ಯಯನವೊಂದು ರೂಢಿಯಾಗಲು ಸುಮಾರು 66 ದಿನ, ವ್ಯಕ್ತಿಯಿಂದ ವ್ಯಕ್ತಿಗೆ 18ರಿಂದ 254 ದಿನ ಬೇಕೆಂದು ಅಂದಾಜಿಸಿತಲ್ಲದೆ, ಒಂದು ದಿನ ತಪ್ಪಿದ್ದರಿಂದ ಹೆಚ್ಚಿನ ಹಾನಿಯಿಲ್ಲವೆಂದೂ ಕಂಡುಕೊಂಡಿತು.

ಇಂಥ ಸಂದೇಶ ಬಂದಾಗ ಸಂಖ್ಯೆ ಎಲ್ಲಿಂದ ಬಂತು, ಯಾರನ್ನು, ಯಾವ ವಿಷಯಕ್ಕಾಗಿ ಗಮನಿಸಿ ಹೇಳಿದ್ದು ಎಂದು ಹುಡುಕಿ, ಸಾಧ್ಯವಾದರೆ ಮೂಲ ಬರಹವನ್ನೇ ಓದಬೇಕು. ಒಳ್ಳೆಯ ಉದ್ದೇಶದಿಂದಲೇ ಹಂಚಿದ ಈ ಮಾತು, ಪರೀಕ್ಷೆಯ ವಾರದಲ್ಲಿ ಕೋಟೆ ಕೆರೆಯ ನಡಿಗೆ ತಪ್ಪಿದವರನ್ನು ಸುಮ್ಮನೆ ಕೈಚೆಲ್ಲುವಂತೆ ಮಾಡುತ್ತದೆ ಎಂಬುದೇ ನನ್ನ ಕಳವಳ. ಮರುದಿನ ಅದೇ ಹೊತ್ತಿಗೆ ಹೊರಟರಾಯಿತು.